ನಾರು

ಲೈಯ ನದಿ ಆ ವಾರ ನಾರುತ್ತಿತ್ತು.
ದಡದುದ್ದಕ್ಕೂ ಮರದ ಪೆಟ್ಟಿಗೆಗಳಲ್ಲಿ, ಕಲ್ಲು ಹೇರಿ ಮುಳುಗಿಸಿದ
ಅಗಸೆಯ ಕಂತೆಗಳು ಹದವಾಗಿ ಕೊಳೆಯುತ್ತಿದ್ದವು.
ಒಂದು ದಿನ ಕಮ್ಮಿಯಾದರೆ ಸಿಪ್ಪೆ ಬಿಡದು,
ಒಂದು ದಿನ ಹೆಚ್ಚಾದರೆ ನಾರೇ ಉಳಿಯದು.
ಕೋರ್ಟ್ರೈಕಿನ ಸಿರಿವಂತರು ಕಿಟಕಿ ಮುಚ್ಚಿಕೊಂಡು
ಅದೇ ನಾರಿನ ಮೇಜುಬಟ್ಟೆ ಹಾಸಿ ಉಂಡರು.

ಕಮೀಲನಿಗೆ ಹನ್ನೆರಡು. ಹಿಂದಿನ ಬೆಂಚು, ಒಬ್ಬನೇ.
ಪಕ್ಕದಲ್ಲಿ ಕೂರಬೇಕಾದವನು ಮೂಗು ಹಿಡಿದು
ಸೋಮವಾರವೇ ಜಾಗ ಬದಲಿಸಿದ್ದ.
ಅಜ್ಜಿ ಎರಡು ಸಲ ಒಗೆದಿದ್ದಳು ಅಂಗಿ;
ವಾಸನೆ ಅಂಗಿಯಲ್ಲಿರಲಿಲ್ಲ.

ಪಾದ್ರಿ ಲಾಂಬ್ರೆಕ್ಟ್ ಕರಿಹಲಗೆಯ ಮೇಲೆ ಬರೆದರು:
ಲಿನೇಆರಿಸ್.
ಗುಣವಾಚಕ. ಗೆರೆಗೆ ಸೇರಿದ್ದು, ಗೆರೆಯಂಥದು,
ಬರೀ ಗೆರೆಯಿಂದಲೇ ಆದದ್ದು.
ಗಂಡಿಗೂ ಹೆಣ್ಣಿಗೂ ಒಂದೇ ರೂಪ,
ನಪುಂಸಕಕ್ಕೆ ಮಾತ್ರ ಬಾಲ ಬೇರೆ: ಲಿನೇಆರೆ.
"ಇದರ ಬೇರು ಯಾವುದು?"

ಯಾರೂ ಕೈ ಎತ್ತಲಿಲ್ಲ. ವಕೀಲರ ಮಗ
ಗಣಿತದ್ದಿರಬೇಕು ಎಂದ.
ಪಾದ್ರಿ ಒಂದೊಂದೇ ಮೆಟ್ಟಿಲು ಇಳಿದರು.
ಕೆಳಗೆ ಲಿನೇಅ. ಗೆರೆ.
ಗೆರೆಯಾಗುವ ಮೊದಲು ಅದು ದಾರ:
ಮೀನುಗಾರನ ಗಾಳದ್ದು, ಗೋಡೆ ಕಟ್ಟುವವನ ತೂಗುಗುಂಡಿನದು,
ಬಡಗಿ ಎರಡು ಮೊಳೆಯ ನಡುವೆ ಬಿಗಿದು
ಸುಣ್ಣ ಸವರಿ ಫಟ್ಟೆಂದು ಮೀಟಿ ಬಿಟ್ಟದ್ದು.
ದಾರ ಸುತ್ತಿಟ್ಟುಕೊಂಡು ಬಡಗಿ ಹೋದ,
ಹಲಗೆಯ ಮೇಲೆ ಉಳಿದದ್ದಕ್ಕೆ ದಾರದ ಹೆಸರೇ ಉಳಿಯಿತು.
ಇನ್ನೂ ಕೆಳಗೆ, ಸೀಮೆಸುಣ್ಣ ಮುರಿಯುವಂತೆ ಒತ್ತಿ:
ಲೀನುಮ್.
ಅಗಸೆ.

ತರಗತಿ ತಿರುಗಿ ನೋಡಿತು.

ಬೇರೆಂದರೆ ಏನೆಂದು ಕಮೀಲನಿಗೆ ಗೊತ್ತು.
ಅಗಸೆಯನ್ನು ಯಾರೂ ಕೊಯ್ಯುವುದಿಲ್ಲ,
ಕುಡುಗೋಲಿಟ್ಟರೆ ನಾರಿನ ಉದ್ದ ಹೋಯಿತು;
ಹಿಡಿಹಿಡಿಯಾಗಿ ಕೀಳಬೇಕು, ಮಣ್ಣು ಕೊಡವಬೇಕು,
ಜುಲೈ ಬಿಸಿಲಲ್ಲಿ ಅಂಗೈ ಸೀಳುತ್ತದೆ.
ಜೂನಿನಲ್ಲಿ, ಬೆಳಗಿನ ಪೂಜೆಯ ಗಂಟೆಗೆ, ಹೊಲವೆಲ್ಲ ನೀಲಿ;
ಮಧ್ಯಾಹ್ನದ ಗಂಟೆಗೆ ಗಿಡದಲ್ಲಿ ಒಂದು ಎಸಳಿಲ್ಲ.
ಹೂವಿನೊಡನೆ ನಾರೂ ಸ್ವರ್ಗಕ್ಕೆ ಹೋಯಿತೆನ್ನುವ ಮಾತು
ನಮ್ಮ ಕಡೆಯದು. ಅಲ್ಲಿ ಹೂ ಕಾಯಲಿಲ್ಲ.
ನಾರು ತನ್ನ ಪಾಡಿಗೆ ತಾನು ಕೊಳೆತು,
ಬಡಿಸಿಕೊಂಡು, ಬಾಚಿಸಿಕೊಂಡು,
ಬಲಿಪೀಠದ ಮೇಲಿನ ಬಿಳಿ ಬಟ್ಟೆಯಾಯಿತು.

ಸಂಜೆ ಅಪ್ಪ ಸೊಂಟದ ತನಕ ನೀರಿನಲ್ಲಿದ್ದ.
"ಅಪ್ಪಾ, ಗೆರೆ ಅನ್ನೋ ಮಾತು ನಮ್ಮ ಅಗಸೆಯಿಂದ ಬಂದದ್ದಂತೆ."
"ಹೌದಾ? ಕಿಲೋಗೆ ಎಷ್ಟಂತೆ?"
ಇನ್ನೊಂದು ಕಲ್ಲು ಎತ್ತಿಟ್ಟ.

ಅಜ್ಜಿ ಸಿದೋನಿ ಮಾತ್ರ ಕೇಳಿಸಿಕೊಂಡಳು,
ಕೆಮ್ಮು ಬಿಟ್ಟ ಬಿಡುವಿನಲ್ಲಿ.
ನಲವತ್ತು ವರ್ಷ ಬಾಚುಹಲಗೆಯ ಮುಳ್ಳಿಗೆ ಕೊಟ್ಟು ನಾರು ಎಳೆದವಳು,
ಆ ಧೂಳು ಎದೆಯೊಳಗೆ ಇನ್ನೂ ಹಾರುತ್ತಿತ್ತು.
"ನೇರವಾ? ಯಾರಂದದ್ದು?
ಎಳೆ ಸುಮ್ಮನೆ ನೇರ ಇದ್ದರೆ ಎಳೆದ ಕೂಡಲೇ ಬಿಡಿಬಿಡಿ.
ತಿರುಚಬೇಕು ಮಗಾ, ಎಂಜಲು ಹಚ್ಚಿ ತಿರುಚಬೇಕು,
ಆಮೇಲೇ ಅದು ಬಿಗಿಯಾಗಿ ನಿಲ್ಲೋದು.
ನಿಮ್ಮ ಪಾದ್ರಿಗೆ ಹೇಳು, ಗೆರೆಯ ಒಳಗೆ
ಯಾವಳದೋ ಎಂಜಲಿದೆ ಅಂತ."

ಹೇಳಲಿಲ್ಲ ಕಮೀಲ.
ಹನ್ನೆರಡರ ಹುಡುಗ ಪಾದ್ರಿಗೆ ಹೇಳುವ ಮಾತಲ್ಲ ಅದು.

ರಾತ್ರಿ ದೀಪದ ಕೆಳಗೆ ಲ್ಯಾಟಿನ್ ನೋಟುಬುಕ್ಕು ತೆರೆದ.
ಪುಟದ ತುಂಬ ನೀಲಿ ಗೆರೆ, ಒಂದೂ ಅಲುಗದೆ.
ಎಣಿಸಿದ: ಇಪ್ಪತ್ತಾರು.
ಬಾಗಿ ಮೂಗಿಟ್ಟು ನೋಡಿದ.
ಕಾಗದದ ವಾಸನೆ. ಸ್ವಲ್ಪ ಮಸಿ.
ಕಿಟಕಿ ತೆರೆದೇ ಇತ್ತು; ನದಿ ಅಲ್ಲೇ ಇತ್ತು.
ಮೊದಲ ಗೆರೆಯ ಮೇಲೆ, ಗೆರೆಗೆ ತಾಗದ ಹಾಗೆ,
ತನ್ನ ಹೆಸರು ಬರೆದ.